ಯಾರಿಗೂ ಆಗದ ಕೋಟು

ಆ ಮನೆಗೆ ಬೆಳಗಾಗುತ್ತಿದ್ದುದು ಹೊಲಿಗೆ ಯಂತ್ರದ ಸದ್ದಿನಿಂದ. ಬೀದಿಗೆ ತೆರೆದ ಮುಂದಿನ ಕೋಣೆಯಲ್ಲಿ ಒಂದು ಯಂತ್ರ, ಒಂದು ಮರದ ಮೇಜು, ಗೋಡೆಗೊಂದು ಉದ್ದ ಕನ್ನಡಿ, ಅಷ್ಟೇ ಅಂಗಡಿ. ಬೀದಿಯವರಿಗೆಲ್ಲ ಅವಳು ದರ್ಜಿಯಕ್ಕ. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದವಳು ಅಂದಿನಿಂದ ಜನರ ಪ್ಯಾಂಟುಗಳನ್ನು ಮೊಟಕು ಮಾಡುತ್ತ, ಕೋಟುಗಳ ಸೊಂಟ ಹಿಗ್ಗಿಸುತ್ತ ಬದುಕಿದ್ದಳು. "ನೀವು ದಪ್ಪ ಆಗಿಲ್ಲ ಬಿಡಿ, ಕೋಟೇ ಕುಗ್ಗಿದೆ" ಎಂದು ಗಿರಾಕಿಗಳನ್ನು ನಗಿಸುತ್ತಿದ್ದಳು. ಒಳಮನೆಗೆ ಕಾಲಿಟ್ಟರೆ ಆ ಬಾಯಿ ಮುಚ್ಚಿಹೋಗುತ್ತಿತ್ತು.

ಒಳಗೆ ಒಂದು ಪದ್ಧತಿಯಿತ್ತು. ಅದಕ್ಕೆ ಹೆಸರಿರಲಿಲ್ಲ. ಗಂಡ ಸತ್ತವಳಿಗೆ ಇನ್ನು ಯಾರೂ ಬೇಕಾಗುವುದಿಲ್ಲ ಎಂದು ಮನೆಯವರು ತಿಳಿಯುವುದು, ಹೌದೆಂಬಂತೆ ಅವಳು ಇರುವುದು. ಒಮ್ಮೆ ಬಟ್ಟೆ ಅಂಗಡಿಯ ವಿಧುರನೊಬ್ಬ ಅವಳನ್ನು ಕೇಳಿ ಹೇಳಿಕಳಿಸಿದ್ದ. "ನಲವತ್ತು ದಾಟಿದ ಮೇಲೆ ಮದುವೆನಾ? ಜನ ಬಾಯಲ್ಲಿ ನಗಲ್ಲ ಕಣೇ, ಇನ್ನೆಲ್ಲೋ ನಗ್ತಾರೆ" ಎಂದು ತಾಯಿ ಆ ಮಾತಿಗೆ ಅಂದೇ ಮಣ್ಣು ಹಾಕಿದಳು. ಅವಳಿಗೆ ಏನನ್ನಿಸುತ್ತದೆ ಎಂದು ಯಾರೂ ಕೇಳಲಿಲ್ಲ. ಅವಳೂ ಹೇಳಲಿಲ್ಲ.

ಹೀಗಿರುವಾಗ, ಸ್ನೇಹ ಬಯಸುವವರಿಗೆಂದೇ ಇರುವ ಆ್ಯಪೊಂದರಲ್ಲಿ ಒಬ್ಬ ಸಿಕ್ಕಿದ. ಹಡಗಿನಲ್ಲಿ ಎಂಜಿನಿಯರ್, ಹೆಂಡತಿ ಇಲ್ಲ ಎಂದ. ಪ್ರತಿ ಮಧ್ಯಾಹ್ನ "ಊಟ ಆಯ್ತಾ?" ಎಂದು ಕೇಳುತ್ತಿದ್ದ. ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವ ಅವಳನ್ನು ಆ ಮನೆಯಲ್ಲಿ ಯಾರೂ ಕೇಳದ ಪ್ರಶ್ನೆ ಅದು. ಮುಖ ತೋರಿಸಿ ಮಾತಾಡಿ ಎಂದರೆ, ಸಮುದ್ರದ ನಡುವೆ ನೆಟ್‌ವರ್ಕ್ ಇಲ್ಲ ಎನ್ನುತ್ತಿದ್ದ. "ನಮ್ಮ ವಿಷಯ ಸದ್ಯಕ್ಕೆ ಯಾರಿಗೂ ಹೇಳಬೇಡ" ಎಂದೂ ಅಂದ. ಇಂಥ ಮೋಸಗಾರರು ಹಣಕ್ಕಿಂತ ಮೊದಲು ಕೇಳುವುದು ಈ ಗುಟ್ಟನ್ನೇ. ಆದರೆ ಅವಳಿಗೆ ಅದನ್ನು ಅವನು ಕಲಿಸಬೇಕಾಗಿರಲಿಲ್ಲ. ಮನೆ ಆಗಲೇ ಕಲಿಸಿಟ್ಟಿತ್ತು.

ಅವನು ಬರುವ ದಿನಕ್ಕೆಂದು ಅವಳು ಒಂದು ಕೋಟು ಹೊಲಿಯಲು ಕೂತಳು. ಅವನನ್ನೇ ಅಳತೆ ಕೇಳಿದರೆ ಕೋಟಿನ ಗುಟ್ಟು ರಟ್ಟಾಗುತ್ತದೆ ಎಂದು ಅವನ ಫೋಟೋಗಳನ್ನೇ ಹಿಗ್ಗಿಸಿ ನೋಡಿ ಅಳತೆ ಹಿಡಿದಳು. ಆಗ ಕಣ್ಣಿಗೆ ಬಿತ್ತು. ಗಂಡಸರ ಕೋಟಿಗೆ ಎದೆಯ ಜೇಬು ಎಡಕ್ಕೆ, ಗುಂಡಿ ಬಲಕ್ಕೆ. ಇವನದು ಎಲ್ಲವೂ ಅದಲುಬದಲು. ಏನೋ ಸರಿಯಿಲ್ಲ ಎಂದು ಅವಳ ಕೈಗೆ ತಿಳಿಯಿತು; ಏನೆಂದು ಮನಸ್ಸಿಗೆ ತಿಳಿಯಲಿಲ್ಲ.

ತಾಯಿ, ಅಣ್ಣ, ಅಣ್ಣನ ಮಗಳು ಊಟಕ್ಕೆ ಕೂತಿದ್ದಾಗ ಬಡಿಸುತ್ತ ಅಣ್ಣನನ್ನು ಕೇಳಿದಳು. ಅಣ್ಣ ಶಾಲೆಯಲ್ಲಿ ಮೇಷ್ಟ್ರು.

"ಅಣ್ಣಾ, ಗಂಡಸರ ಕೋಟಿಗೆ ಜೇಬು ಬಲಗಡೆ ಇರೋದುಂಟಾ?"

"ದರ್ಜಿ ನೀನು, ಕೇಳೋದು ನನ್ನನ್ನಾ? ಯಾವ ಗಂಡಸು?"

"ಯಾರೂ ಇಲ್ಲ. ಒಂದು ಫೋಟೋದಲ್ಲಿ ನೋಡ್ದೆ."

"ಓಹೋ! ಗಂಡಸರ ಫೋಟೋ ನೋಡೋ ವಯಸ್ಸು ಈಗ ಬಂತಾ ನಿಂಗೆ?"

ಅಣ್ಣ ನಕ್ಕ. ತಾಯಿ ನಗಲಿಲ್ಲ, ತಟ್ಟೆಯಿಂದ ತಲೆಯೆತ್ತಿ ಮಗಳನ್ನು ಒಮ್ಮೆ ನೋಡಿದಳು. ಅಷ್ಟೇ ಸಾಕಾಯಿತು. ಅವಳು ಸೌಟು ಹಿಡಿದು ಅಡುಗೆಮನೆಗೆ ಹೋದಳು.

ಸ್ವಲ್ಪ ದಿನಕ್ಕೆ ಹಡಗಿನವನಿಗೆ ಅಪಘಾತವಾಯಿತು. ಆಸ್ಪತ್ರೆ, ಆಪರೇಷನ್, ತುರ್ತು. ಬೀದಿಯ ಮೂಲೆಯಲ್ಲಿ ಸ್ವಂತದ್ದೊಂದು ಅಂಗಡಿ ಹಿಡಿಯಲು ಅವಳು ಕೂಡಿಟ್ಟಿದ್ದೆಲ್ಲ ಎರಡು ಸಲಕ್ಕೆ ಹೋಯಿತು.

ಎರಡನೆಯ ಸಲ ಕಳಿಸಿ ಬಂದ ದಿನವೇ ಅಣ್ಣನ ಮಗಳು, ಕಾಲೇಜಿನಿಂದ ಬಂದವಳು, ಮೇಜಿನ ಮೇಲಿದ್ದ ಕೋಟನ್ನು ನೋಡಿದಳು. "ಅತ್ತೆ, ಯಾರದಿದು? ಈ ಬೀದೀಲಿ ಇಷ್ಟು ಅಗಲ ಭುಜ ಇರೋರು ಯಾರೂ ಇಲ್ವಲ್ಲ!"

ಅತ್ತೆಯ ಕೈ ನಿಂತಿತು. ಅವನ ಫೋಟೋ ತೆಗೆದು ಫೋನನ್ನು ಹುಡುಗಿಯ ಮುಂದಿಟ್ಟಳು.

ಹುಡುಗಿ ಆ ಫೋಟೋವನ್ನು ಇಂಟರ್ನೆಟ್ಟಿನಲ್ಲಿ ಹುಡುಕಿದಳು, ಸಿಗಲಿಲ್ಲ. "ಜೇಬು ಬಲಗಡೆ ಇದೆ ನೋಡು" ಎಂದು ಅತ್ತೆ ಮೆಲ್ಲನೆ ಅಂದಳು. ಹುಡುಗಿ ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಮತ್ತೆ ಹುಡುಕಿದಳು. ಸಿಕ್ಕಿತು. ಬೇರೆ ಹೆಸರು, ಬೇರೆ ದೇಶ. ಯಾರೋ ಹಲ್ಲಿನ ಡಾಕ್ಟರು. ಪಕ್ಕದಲ್ಲಿ ಹೆಂಡತಿ, ಮಕ್ಕಳು. ಅವನ ಚಿತ್ರವನ್ನು ಕದ್ದವರು ಪತ್ತೆಯಾಗದಿರಲೆಂದು ಅದನ್ನು ತಿರುಗಿಸಿಟ್ಟಿದ್ದರು.

"ಏಳತ್ತೆ, ಈಗಲೇ ಬ್ಯಾಂಕಿಗೆ ಹೋಗೋಣ, ಪೊಲೀಸರಿಗೂ ಹೇಳೋಣ. ಬೇಗ ಹೇಳಿದ್ರೆ ದುಡ್ಡು ತಡೆಯೋಕೆ ಆದ್ರೂ ಆಗಬಹುದು."

ಬಾಗಿಲಲ್ಲಿ ಅಣ್ಣ ನಿಂತಿದ್ದ. "ಯಾರೂ ಎಲ್ಲೂ ಹೋಗಲ್ಲ. ದುಡ್ಡು ಹೋಯ್ತು, ಹೋಗ್ಲಿ. ಮಾನನೂ ಹೋಗ್ಬೇಕಾ? ಮೇಷ್ಟ್ರ ತಂಗಿ ಫೋನಲ್ಲಿ ಗಂಡು ಹುಡುಕಿದ್ಲಂತೆ ಅಂತ ಶಾಲೆ ಹುಡುಗರೆಲ್ಲ ಹಾಡು ಕಟ್ತಾರೆ."

"ಕದ್ದವನಿಗಿಲ್ಲದ ನಾಚಿಕೆ ಕಳ್ಕೊಂಡವಳಿಗೆ ಯಾಕಪ್ಪ? ಮನೆಗೆ ಕಳ್ಳ ನುಗ್ಗಿದ್ರೆ ಹೀಗೇ ಬಾಯಿ ಮುಚ್ಕೊಂಡಿರ್ತಿದ್ವಾ?"

"ಬಾಗಿಲು ತೆಗೆದವಳು ಇವಳೇ ತಾನೆ" ಎಂದಳು ತಾಯಿ ಒಳಗಿನಿಂದ. "ಒಳಗಿಂದು ಒಳಗೇ ಇರ್ಲಿ."

"ಹೌದಜ್ಜಿ, ತೆಗೆದ್ಲು. ನಾವ್ಯಾರೂ ಮಾತಾಡಿಸ್ಲಿಲ್ಲ, ಅದಕ್ಕೇ ತೆಗೆದ್ಲು. ಅವತ್ತು ಊಟಕ್ಕೆ ಕೂತಾಗ ಜೇಬಿನ ವಿಷಯ ಕೇಳಿದ್ಲಲ್ಲ, ಒಬ್ರಾದ್ರೂ ನಗದೆ 'ಎಲ್ಲಿ, ತೋರ್ಸು' ಅಂದಿದ್ರೆ?"

ದರ್ಜಿಯಕ್ಕ ಕೋಟನ್ನು ಮಡಿಸಿ ಪೆಟ್ಟಿಗೆಯ ತಳಕ್ಕಿಟ್ಟಳು.

ಆ ವಾರವಿಡೀ ಯಂತ್ರ ಸದ್ದು ಮಾಡಲಿಲ್ಲ. ದುಡ್ಡಿಗಿಂತ ಹೆಚ್ಚಾಗಿ ಅವಳನ್ನು ಕೊರೆದದ್ದು, ಮಧ್ಯಾಹ್ನವಾದೊಡನೆ ತಾನಾಗಿ ಫೋನಿನ ಕಡೆ ಹೊರಳುವ ಕಣ್ಣು. ಎಂದೂ ಇಲ್ಲದಿದ್ದವನು ಇಲ್ಲವಾದರೆ ಅಳುವುದು ಹೇಗೆ? ಯಾರ ಮುಂದೆ?

ಕೊನೆಗೊಂದು ಬೆಳಗ್ಗೆ ಅವಳೇ ಎದ್ದು ಅಣ್ಣನ ಮಗಳ ಕೈ ಹಿಡಿದು ಪೊಲೀಸ್ ಠಾಣೆಗೆ ಹೋದಳು. ದೂರು ಬರೆದುಕೊಂಡವನು ನಗಲಿಲ್ಲ. "ಕಳಿಸಿದ ದಿನವೇ ಬಂದಿದ್ರೆ ಸ್ವಲ್ಪನಾದ್ರೂ ತಡೆಹಿಡಿಯಬಹುದಿತ್ತಮ್ಮ. ಈಗ ಆ ಖಾತೆ ಖಾಲಿ. ಯಾಕೋ, ಎಲ್ಲರೂ ತಡವಾಗೇ ಬರ್ತಾರೆ" ಎಂದ.

ಯಾಕೆಂದು ಅವಳಿಗೆ ಗೊತ್ತಿತ್ತು. ಮನೆಗೆ ಬಂದವಳೇ ಪೆಟ್ಟಿಗೆಯಿಂದ ಕೋಟನ್ನು ತೆಗೆದು, ಬೀದಿಗೆ ಕಾಣುವಂತೆ ಮುಂದಿನ ಕೋಣೆಯ ಕಿಟಕಿಗೆ ತೂಗುಹಾಕಿದಳು.

"ತೆಗಿ ಅದನ್ನ" ಎಂದು ಅಣ್ಣ ಹಲ್ಲು ಕಡಿದ. "ಯಾರದು ಅಂತ ಕೇಳಿದ್ರೆ ಏನಂತೀಯ?"

"ನಡೆದದ್ದು ಹೇಳ್ತೀನಿ."

"ನಾಚಿಕೆ ಆಗಲ್ವಾ?"

"ಆಗುತ್ತಣ್ಣ. ಆದ್ರೂ ಹೇಳ್ತೀನಿ."

ಅಂದು ಅವಳೊಡನೆ ಮಾತು ಬಿಟ್ಟ ತಾಯಿ ಸಾಯುವವರೆಗೂ ಮತ್ತೆ ಆಡಲಿಲ್ಲ. ಕೆಲವು ಗಿರಾಕಿಗಳು ಬರುವುದನ್ನು ನಿಲ್ಲಿಸಿದರು. ಬಂದವರು ಕೇಳಿದರು, ಅವಳು ಹೇಳಿದಳು. ಹೇಳಿ ಮುಗಿಸುವಾಗ ಪ್ರತಿ ಸಲವೂ, "ಮುಖ ತೋರಿಸದವನಿಗೆ ಬೇಕಾದ್ರೆ ಮನಸ್ಸು ಕೊಡಿ, ದುಡ್ಡು ಮಾತ್ರ ಕೊಡ್ಬೇಡಿ. ಯಾರಿಗೂ ಹೇಳ್ಬೇಡ ಅಂದ್ರೆ, ಮೊದಲು ಒಬ್ಬರಿಗಾದ್ರೂ ಹೇಳಿ" ಎನ್ನುತ್ತಿದ್ದಳು.

ಒಂದು ಮಧ್ಯಾಹ್ನ, ಹೆಂಡತಿಯನ್ನು ಕಳೆದುಕೊಂಡ ನಿವೃತ್ತ ಬಸ್ ಕಂಡಕ್ಟರೊಬ್ಬ ಪ್ಯಾಂಟು ಒಯ್ಯಲು ಬಂದ. ಕೋಟಿನ ಕಥೆ ಕೇಳಿಯೂ ಹೊರಡದೆ ನಿಂತ.

"ನನ್ನ ಸ್ನೇಹಿತ ಒಬ್ಬ ಇದಾನಮ್ಮ" ಎಂದ ಕೊನೆಗೆ. "ಅವನಿಗೆ ಯಾರೋ ನರ್ಸಮ್ಮ ದಿನಾ ಮೆಸೇಜು ಮಾಡ್ತಾಳಂತೆ. ಬರೋಕೆ ಟಿಕೆಟ್ಟಿಗೆ ದುಡ್ಡು ಕಳಿಸು ಅಂತಿದಾಳಂತೆ. ಇವತ್ತೇ." ಹೇಳುತ್ತಲೇ ಕೈಯಲ್ಲಿದ್ದ ತನ್ನ ಫೋನನ್ನು ಮಗುಚಿ ಹಿಡಿದ.

ಅವಳು ಯಂತ್ರ ನಿಲ್ಲಿಸಿದಳು. ಸ್ಟೂಲನ್ನು ಅವನ ಕಡೆ ಸರಿಸಿದಳು.

"ಕೂತ್ಕೊಳ್ಳಿ" ಎಂದಳು. "ನಿಮ್ಮ ಸ್ನೇಹಿತರದು ಊಟ ಆಯ್ತಾ?"