ಎಡಕ್ಕೆ ತಿರುಗಿದ ಲಾರಿ

ಕಾಂತಿಯ ಕೈಯಲ್ಲಿ ಈಗ ಬಳೆಯಿಲ್ಲ, ಆದರೂ ಸೆರಗು ಸರಿಮಾಡುವಾಗ ಬಳೆ ಹಿಂದಕ್ಕೆ ತಳ್ಳುವ ಅಭ್ಯಾಸ ಬಿಟ್ಟಿಲ್ಲ, ನೋಡಿದರೆ ಮೈ ಉರಿಯುತ್ತದೆ, ಹಂಚಿನ ಕಾರ್ಖಾನೆಯ ಜಗಲಿಯಲ್ಲಿ ಆ ತುದಿಗೆ ಅವಳು, ಈ ತುದಿಗೆ ನಾನು, ನಡುವೆ ಗುಮಾಸ್ತ ಶೀನಪ್ಪ ಕನ್ನಡಕ ಒರೆಸುತ್ತಿದ್ದಾನೆ, ಬೆಂಗಳೂರಿನ ಹೈಕೋರ್ಟಿನಿಂದ ತೀರ್ಪು ಬಂದಿದೆ, ಈ ಕಾರ್ಖಾನೆಯ ಲಾರಿ ಓಡಿಸುತ್ತಿದ್ದ ನನ್ನ ತಮ್ಮ ಅಣ್ಣು ಅದರಡಿಗೇ ಸಿಕ್ಕಿ ಸತ್ತದ್ದಕ್ಕೆ ಹೆಂಡತಿಯೆಂದು ಅವಳಿಗೆ ಸಿಕ್ಕಿದ ಪರಿಹಾರದ ಮೇಲೆ ಧಣಿಗಳು ಮಾಡಿದ ಅಪೀಲಿನದು, ಅವಳಿಗೆ ಸಿಕ್ಕಿದ, ನನಗಲ್ಲ, ನಮ್ಮ ಅಳಿಯಸಂತಾನದಲ್ಲಿ ಗಂಡಸು ಕೊನೆಯವರೆಗೂ ಅಕ್ಕನ ಮನೆಯವನು, ಹೆಂಡತಿ ತನ್ನ ತಾಯಿಮನೆಯಲ್ಲೇ ಇರುವವಳು, ಕಾಯ್ದೆಗೆ ಅದೆಲ್ಲ ಎಲ್ಲಿ ಗೊತ್ತು, ಅಮ್ಮ ಹೋದಮೇಲೆ ಗಂಜಿ ಕುಡಿಸಿ ಸಾಕಿದವಳು ನಾನು, ವಿಧವೆ ಎಂಬ ಹೆಸರು ವಾಮದಪದವಿನ ಇವಳಿಗೆ — ಅವತ್ತು ಲಾರಿ ಹತ್ತುತ್ತ ಅಣ್ಣು ಹೇಳಿದ್ದ, ಅಕ್ಕ, ಮೂಡಬಿದ್ರೆಯಲ್ಲಿ ಹಂಚು ಇಳಿಸಿ ಊಟಕ್ಕೆ ಮನೆಗೇ ಬರ್ತೇನೆ, ಬೇಗ ಬಾ ಮಾರಾಯ, ಹೊಳೆಯ ಚಿಪ್ಪು ಮರುವಾಯಿ ಉಂಟು, ಬಸಳೆಗೆ ಹಾಕಿ ಪದಾರ್ಥ ಮಾಡ್ತೇನೆ ಅಂದೆ, ಮಾಡಿ ಕಾದೆ, ನೆಟ್ಟಗೆ ಬಂಟ್ವಾಳಕ್ಕೆ, ನಮ್ಮ ಮನೆಗೆ, ಬರಬೇಕಾದ ಲಾರಿ ಸಿದ್ಧಕಟ್ಟೆಯಲ್ಲಿ ಎಡಕ್ಕೆ ತಿರುಗಿತು, ಎಡಕ್ಕೆ, ಅವಳ ಮನೆಯ ಕಡೆ, ಇಳಿಜಾರಿನಲ್ಲಿ ಮಗುಚಿತು.

ಧಣಿಗಳ ಕೆಲಸದ ಮೇಲೆ ಸತ್ತರೆ ಮಾತ್ರ ಪರಿಹಾರವಂತೆ, ಪರಿಹಾರದ ಕಮಿಷನರ ಮುಂದೆ ಅವಳು ಆಣೆಯಿಟ್ಟು ಹೇಳಿದಳು, ಧಣಿಗಳ ಕೆಲಸಕ್ಕೇ ಹೋದದ್ದು, ನಮ್ಮ ಮನೆಗಲ್ಲ, ಹಣಕ್ಕಾಗಿ ಅವನನ್ನೇ ಅಲ್ಲಗಳೆದಳು, ನಾನು ಧಣಿಗಳ ಪರ ನಿಂತು ಇದ್ದದ್ದನ್ನೇ ಹೇಳಿದೆ, ಇವಳನ್ನು ನೋಡ್ಲಿಕ್ಕೇ ಸ್ವಾಮಿ, ಬೇರೆಲ್ಲಿಗೆ, ಆ ಕಮಿಷನರು ಅವಳ ಕಣ್ಣೀರಿಗೆ ಕರಗಿದರು, ಹೈಕೋರ್ಟು ಕರಗಲಿಲ್ಲ, ಶೀನಪ್ಪ ಓದುತ್ತಾನೆ, ಅಪೀಲು ಗೆದ್ದಿದೆ, ಪರಿಹಾರ ರದ್ದು, ಹಾಗಾದರೆ ಇವಳಿಗೆ, ಅಂದೆ, ಏನೂ ಸಿಗ್ಲಿಕ್ಕಿಲ್ಲ ಸರಸಕ್ಕ, ಒಳ್ಳೆಯದಾಯಿತು, ಹಾಗೇ ಆಗಬೇಕು, ನನ್ನ ಹೊಟ್ಟೆ ತಣ್ಣಗಾಗಬೇಕಿತ್ತು, ಅವನು ನಿಲ್ಲಿಸುವುದಿಲ್ಲ, ಇಂಗ್ಲಿಷನ್ನು ನಿಧಾನ ಕನ್ನಡಕ್ಕೆ ತರುತ್ತಾನೆ, ಮೃತನು ಧಣಿಯ ಆಜ್ಞೆಯಿಲ್ಲದೆ, ಯಾರ ಒತ್ತಾಯವೂ ಇಲ್ಲದೆ, ಸ್ವಂತ ಇಚ್ಛೆಯಿಂದ, ಹೆಂಡತಿಯನ್ನು ನೋಡುವುದಕ್ಕಾಗಿಯೇ ದಾರಿ ಬಿಟ್ಟು ಹೋದನು — ಕಾಂತಿ ತಲೆಯೆತ್ತಿದಳು, ಅಳುತ್ತಿಲ್ಲ, ಶೀನಪ್ಪಣ್ಣ, ಅದೊಂದನ್ನು ಇನ್ನೊಮ್ಮೆ ಓದಿ ಅನ್ನುತ್ತಾಳೆ, ಹಣ ಹೋದದ್ದು ಇವಳಿಗೆ ಕೇಳಿಸಲಿಲ್ಲವೇ, ಮದುಮಗಳ ಮುಖ ಮಾಡಿಕೊಂಡು ಕೂತಿದ್ದಾಳಲ್ಲ, ನನ್ನ ಮಾತೇ ಅದು, ನಾನೇ ಹೇಳಿ ಬರೆಸಿದ್ದು, ಈಗ ಸರಕಾರದ ಮೊಹರು ಬಿದ್ದು ಅವಳ ಮಡಿಲಿಗೆ ಹೋಯಿತು, ಇನ್ನು ಯಾವ ಕೋರ್ಟಿಗೆ ಹೋಗಿ ಅವನು ನನ್ನವನು ಅನ್ನಲಿ, ಓದಬೇಡ ಶೀನಪ್ಪ, ಅವನು ಓದುತ್ತಾನೆ, ಯಾರ ಒತ್ತಾಯವೂ ಇಲ್ಲದೆ, ಸಿದ್ಧಕಟ್ಟೆಯಲ್ಲಿ ಅಣ್ಣು ಲಾರಿ ನಿಧಾನ ಮಾಡುತ್ತಾನೆ, ನಮ್ಮ ಮನೆಯ ದಾರಿಯತ್ತ ಕಣ್ಣು ಹಾಯಿಸುವುದೂ ಇಲ್ಲ, ಎಡಕ್ಕೆ ತಿರುಗಿಸುತ್ತಾನೆ, ನಗುತ್ತ, ಎಡಕ್ಕೆ