ಲಗಾಮಜ್ಜಿಯ ಸೊಸೆ

ಅತ್ತೆ ತೀರಿಕೊಂಡು ನಾಲ್ಕು ದಿನವಾದರೂ ಮನೆಗೆ ಜನ ಬರುವುದು ನಿಂತಿರಲಿಲ್ಲ. ಒಂದು ಗುಂಪು ಎದ್ದು ಬಾಗಿಲಲ್ಲಿ ಚಪ್ಪಲಿ ಹುಡುಕುವಷ್ಟರಲ್ಲಿ ಇನ್ನೊಂದು ಗುಂಪು ಮೆಟ್ಟಿಲು ಹತ್ತುತ್ತಿತ್ತು. ಸೊಸೆ ಬೆಳಗಿನಿಂದ ಒಲೆಯ ಮುಂದೆಯೇ ನಿಂತಿದ್ದಳು. ಚಹಾ ಕುದಿಸುವುದು, ಲೋಟ ತೊಳೆಯುವುದು, ಮತ್ತೆ ಕುದಿಸುವುದು. ಕಾಲುಗಳು ತನ್ನವೋ ಪಕ್ಕದ ಮನೆಯವರವೋ ಎಂಬಂತೆ ಮರಗಟ್ಟಿದ್ದವು. ಆದರೂ ಯಾರಾದರೂ "ಸ್ವಲ್ಪ ಕೂತ್ಕೊಳ್ಳಮ್ಮ" ಎಂದರೆ ಅವಳಿಗೆ ಭಯವಾಗುತ್ತಿತ್ತು. ಕೂತರೆ ಮತ್ತೆ ಏಳುತ್ತೇನೆಂಬ ನಂಬಿಕೆ ಇರಲಿಲ್ಲ.

ಹೊರಗೆ ಹಜಾರದಲ್ಲಿ ನಗು ಕೇಳುತ್ತಿತ್ತು. ಸಾವಿನ ಮನೆಯಲ್ಲಿ ನಗುವುದು ಬೇರೆಯವರಿಗೆ ತಪ್ಪಾಗಿ ಕಾಣಬಹುದು. ಹೋದವರು ಲಗಾಮಜ್ಜಿ ಎಂದು ತಿಳಿದವರಿಗೆ ಹಾಗನ್ನಿಸುತ್ತಿರಲಿಲ್ಲ. ಊರು ಅತ್ತೆಯನ್ನು ಕರೆಯುತ್ತಿದ್ದುದೇ ಹಾಗೆ. ಅವರು ಕುದುರೆಗೆ ಲಾಳ ಕಟ್ಟುವವನ ಮಗಳು. ನೆಟ್ಟಗೆ ನಡೆಯಲು ಕಲಿಯುವ ಮೊದಲೇ ಕುದುರೆಯ ಬೆನ್ನೇರಿದವರು. ಅವರ ಗಂಡ ಶಾಲೆಯ ಗುಮಾಸ್ತರು, ಕುದುರೆ ಕೆನೆದರೆ ಬಾಗಿಲು ಹಾಕಿಕೊಳ್ಳುವಂಥ ಸಾಧು ಪ್ರಾಣಿ. "ಈ ಮನೇಲಿ ಮೊದಲ ಮೇವು ಕುದುರೆಗೆ, ಮಿಕ್ಕಿದ್ದು ನನಗೆ" ಎಂದು ನಗುನಗುತ್ತಲೇ ಬದುಕಿದ ಮನುಷ್ಯ, ಮಗನೂ ಮಗಳೂ ಇನ್ನೂ ಚಿಕ್ಕವರಿರುವಾಗ ಒಂದು ದಿನ ಕೂತಲ್ಲೇ ಕಣ್ಣು ಮುಚ್ಚಿದ್ದರು. ಮುಂದೇನು ಗತಿ ಎಂದು ನೆಂಟರೆಲ್ಲ ತಲೆಯ ಮೇಲೆ ಕೈ ಹೊತ್ತು ಕೂತಿದ್ದಾಗ ಅತ್ತೆ ಒಂದು ಹಳೆಯ ಗಾಡಿಗೆ ಬಣ್ಣ ಬಳಿದು, ಕುದುರೆ ಹೂಡಿ, ಮಕ್ಕಳನ್ನು ಶಾಲೆಗೆ ಬಿಡುವ ಕೆಲಸ ಹಿಡಿದರು. ಹೆಂಗಸು ಗಾಡಿ ಹೊಡೆಯುವುದುಂಟೇ ಎಂದು ಮೂಗು ಮುರಿದವರ ಮಕ್ಕಳೇ ಆ ಗಾಡಿಯ ಮುಂದಿನ ಸೀಟಿಗಾಗಿ ಜಗಳವಾಡತೊಡಗಿದರು. ಚಾವಟಿಯನ್ನು ಅತ್ತೆ ಮುಟ್ಟಿದವರಲ್ಲ. ನಾಲಿಗೆಯಲ್ಲಿ ಟಕ್ ಅಂದರೆ ಕುದುರೆ ಹೊರಡುತ್ತಿತ್ತು, ಒಮ್ಮೆ ಕೆಮ್ಮಿದರೆ ಮಕ್ಕಳು ತೆಪ್ಪಗಾಗುತ್ತಿದ್ದರು.

ಈಗ ಹಜಾರದಲ್ಲಿ ಮಾತಾಡುತ್ತಿದ್ದವರು ದನದ ಡಾಕ್ಟರು. ಅತ್ತೆಯ ಕುದುರೆಗಳನ್ನೆಲ್ಲ ನೋಡಿಕೊಂಡವರು, ಈಗ ನಿವೃತ್ತರು. ಪೇಟೆಬೀದಿಗೆ ಕುದುರೆಗಾಡಿ ಬರಕೂಡದೆಂದು ಹುಕುಂ ಆದಾಗಿನ ಕಥೆ ಹೇಳುತ್ತಿದ್ದರು. ಅತ್ತೆ ಸೀದಾ ಪುರಸಭೆಗೆ ಗಾಡಿ ಹೊಡೆದುಕೊಂಡು ಹೋಗಿ, ಸಾಹೇಬರ ಕಾರಿನ ಹಿಡಿಗೆ ಲಗಾಮು ಕಟ್ಟಿ, ಮಹಡಿ ಹತ್ತಿ ಕೂತರಂತೆ.

"ಸಾಹೇಬ್ರು ಊಟಕ್ಕೆ ಹೋಗೋಣ ಅಂತ ಇಳಿದು ಬಂದ್ರೆ ಕುದುರೆ ಕಾರಿನ ವೈಪರ್ ಅಗೀತಾ ನಿಂತಿದೆ. ಡ್ರೈವರ್ ದೂರದಿಂದ ಹುಶ್ ಹುಶ್ ಅಂತಿದ್ದಾನೆ. 'ಬಿಚ್ಚಿಸಮ್ಮ' ಅಂದ್ರೆ ಈಯಮ್ಮ ಏನಂದ್ರು ಗೊತ್ತಾ? 'ನೀವು ನಿಮ್ಮ ಹುಕುಂ ಬಿಚ್ಚಿ, ನಾನು ನನ್ನ ಗಂಟು ಬಿಚ್ತೀನಿ.'"

ಎಲ್ಲರೂ ನಕ್ಕರು. ಟ್ರೇ ಹಿಡಿದು ಬಂದ ಸೊಸೆಯೂ ತುಟಿ ಅಗಲಿಸಿದಳು. ಆ ದಿನ ಅವಳಿಗೂ ನೆನಪಿತ್ತು. ಅತ್ತೆ ಸಂಜೆಯವರೆಗೆ ಪುರಸಭೆಯಲ್ಲಿ ಹಟ ಹಿಡಿದು ಕೂತಿದ್ದಾಗ ಮನೆಯಲ್ಲಿ ಇನ್ನೊಂದು ಕುದುರೆಗೆ ಹೊಟ್ಟೆನೋವು ಬಂದಿತ್ತು. ಕಂಕುಳಲ್ಲಿ ಜ್ವರದ ಮಗು, ಕೈಯಲ್ಲಿ ಹಗ್ಗ. ಮಲಗಿ ಹೊರಳಿದರೆ ಜೀವಕ್ಕೇ ಅಪಾಯವೆಂದು ಆ ಪ್ರಾಣಿ ಮಲಗದ ಹಾಗೆ ಅಂಗಳದಲ್ಲಿ ಸುತ್ತಿಸುತ್ತ ಮಧ್ಯಾಹ್ನ ಪೂರ್ತಿ ಅವಳು ನಡೆದಿದ್ದಳು. ಅತ್ತೆ ಗೆದ್ದು ಬಂದು, ಮೊದಲು ಕುದುರೆಯ ಹೊಟ್ಟೆಗೆ ಕಿವಿ ಇಟ್ಟು ಕೇಳಿ, ಆಮೇಲೆ ಮಗುವಿನ ಹಣೆ ಮುಟ್ಟಿದ್ದರು. ಅತ್ತೆಯ ಒಂದೊಂದು ಕಥೆಯ ಹಿಂದೆಯೂ ಹೀಗೊಂದು ಹಿತ್ತಿಲ ಕಥೆ ಇತ್ತು. ಅದನ್ನು ಯಾರೂ ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ.

ಅವಳಿಗೆ ಕುದುರೆಯೆಂದರೆ ಹೆದರಿಕೆ. ಹೆಣ್ಣು ನೋಡಲು ಬಂದ ದಿನವೇ ಅದು ಬಯಲಾಗಿತ್ತು. ಅತ್ತೆ ಗಾಡಿ ಹೊಡೆದುಕೊಂಡೇ ಬಂದಿದ್ದರು. ಹಾಡು ಬರುತ್ತದೆಯೇ, ಅಡುಗೆ ಬರುತ್ತದೆಯೇ ಎಂದೇನೂ ಕೇಳದೆ, ಬಾಗಿಲಲ್ಲಿ ನಿಂತಿದ್ದ ಹುಡುಗಿಯ ಕೈಗೆ ಲಗಾಮು ಕೊಟ್ಟು, "ಹಿಡ್ಕೊಂಡಿರು, ಬಂದೆ" ಎಂದು ಒಳಗೆ ಹೋಗಿ ಚಹಾ ಕುಡಿಯುತ್ತ ಕೂತುಬಿಟ್ಟರು. ಕುದುರೆ ತಲೆ ಕೊಡವಿದಾಗಲೆಲ್ಲ ಹುಡುಗಿಗೆ ಜೀವ ಬಾಯಿಗೆ ಬರುತ್ತಿತ್ತು. ಕಣ್ಣಲ್ಲಿ ನೀರು ಇಳಿಯುತ್ತಿದ್ದರೂ ಲಗಾಮು ಬಿಡಲಿಲ್ಲ. ಹೊರಗೆ ಬಂದ ಅತ್ತೆ ಅದನ್ನು ನೋಡಿ ಮಗನಿಗೆ ಹೇಳಿದ್ದರು: "ಹೆದರ್ತಾಳೆ, ಆದ್ರೆ ಕೈ ಬಿಡೋದಿಲ್ಲ. ಇವಳೇ ಸಾಕು."

ಹೊಗಳಿಕೆಯೋ ಶಾಪವೋ, ಆ ಮಾತು ಬದುಕೆಲ್ಲ ಅವಳ ಬೆನ್ನು ಬಿಡಲಿಲ್ಲ. ಗಂಡ ಬಸ್ ಡಿಪೊದಲ್ಲಿ ಮೆಕ್ಯಾನಿಕ್, ಬೆಳಗಾಗುವ ಮುಂಚೆ ಹೊರಟರೆ ದೀಪ ಹಚ್ಚುವ ಹೊತ್ತಿಗೆ ಬರುವವನು. ಅವಳು ಮನೆಯಲ್ಲೇ ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದಳು. ಹೊಲಿಗೆಯ ನಡುವೆ ಎದ್ದು ಲಾಯದ ಲದ್ದಿ ಬಳಿಯುವುದು, ಹುರುಳಿ ಬೇಯಿಸುವುದು, ಹುಲ್ಲಿನ ಕಂತೆ ಬಿಚ್ಚುವುದು ಅವಳ ಪಾಲಿಗೇ ಬಂದಿತ್ತು. ಅತ್ತೆ ಕುದುರೆಯನ್ನು ಪ್ರೀತಿಸುತ್ತಿದ್ದರು, ಸೊಸೆ ಸಾಕುತ್ತಿದ್ದಳು. ಆ ವ್ಯತ್ಯಾಸ ಕುದುರೆಗೆ ಗೊತ್ತಿರಬಹುದೆಂದು ಆಗ ಯಾರಿಗೂ ಹೊಳೆದಿರಲಿಲ್ಲ.

ಕಾಲ ಬದಲಾಗಿ ಶಾಲೆಗೆ ವ್ಯಾನುಗಳು ಬಂದವು. ಗಾಡಿ ಹೋಯಿತು, ಕುದುರೆಗಳು ಒಂದೊಂದಾಗಿ ಹೋದವು. ಕೊನೆಗೆ ಉಳಿದದ್ದು ಚುಕ್ಕಿ. ಹಣೆಯ ಮೇಲೆ ಬಿಳಿ ಬೊಟ್ಟಿದ್ದ ಕಂದು ಬಣ್ಣದ ಹೆಣ್ಣು ಕುದುರೆ. ಎಪ್ಪತ್ತು ದಾಟಿದ ಮೇಲೂ ಅತ್ತೆ ಬೆಳಗ್ಗೆ ಅದನ್ನೇರಿ ಕೆರೆಯ ತನಕ ಹೋಗಿ ಬರುತ್ತಿದ್ದರು. ಒಂದು ದಿನ ಲಾಯದ ಒದ್ದೆ ಕಲ್ಲಿನ ಮೇಲೆ ಜಾರಿ ಬಿದ್ದರು. ಸೊಂಟದ ಮೂಳೆ ಮುರಿಯಿತು. ಆಸ್ಪತ್ರೆಗೆ ಒಯ್ದಾಗಲೂ "ಕುದುರೆ ಬೀಳಿಸ್ಲಿಲ್ಲ, ಕಲ್ಲು ಬೀಳಿಸ್ತು, ಸರಿಯಾಗಿ ಬರ್ಕೊಳ್ಳಿ" ಎಂದು ನರ್ಸಿಗೆ ತಾಕೀತು ಮಾಡಿದರು.

ಅವರು ಆಸ್ಪತ್ರೆಯಲ್ಲಿರುವಾಗಲೇ ಮಗನೂ ಮಗಳೂ ಮಾತಾಡಿಕೊಂಡು ಚುಕ್ಕಿಯನ್ನು ಊರಾಚೆಯ ಸವಾರಿ ಶಾಲೆಗೆ ಕೊಟ್ಟರು. ಸೊಸೆ ಬೇಡವೆನ್ನಲಿಲ್ಲ. ನಿಜ ಹೇಳಬೇಕೆಂದರೆ ಅವಳಿಗೆ ಎದೆಯ ಮೇಲಿನ ಬಂಡೆ ಇಳಿದ ಹಾಗಾಗಿತ್ತು. ಮನೆಗೆ ಬಂದ ಅತ್ತೆ ಬರಿದಾದ ಲಾಯವನ್ನು ಕಿಟಕಿಯಿಂದ ನೋಡಿದರು. ರಂಪ ಆಗುತ್ತದೆಂದು ಎಲ್ಲರೂ ಕಾದಿದ್ದರು. ಅತ್ತೆ "ನೀರು ಕೊಡು" ಎಂದರು, ಅಷ್ಟೇ.

ಅವರ ಮಂಚ ಹೊಲಿಗೆ ಮೆಷಿನ್ ಇದ್ದ ಕೋಣೆಗೆ ಬಂತು. ಸೊಸೆ ಹೊಲಿಯುತ್ತಿದ್ದರೆ ಅತ್ತೆ ಕಣ್ಣು ಮುಚ್ಚಿ ಕೇಳುತ್ತಿದ್ದರು. "ನಿನ್ನ ಮೆಷಿನ್ ಇವತ್ತು ತುಂಬಾ ದುಡುಕ್ತಾ ಇದೆ. ಸ್ವಲ್ಪ ಲಗಾಮು ಹಿಡಿ," ಎನ್ನುವರು. ಸ್ನಾನ ಮಾಡಿಸುವಾಗ, ಬಟ್ಟೆ ಬದಲಿಸುವಾಗ ಎಲ್ಲಕ್ಕೂ ಒಂದು ಅಪ್ಪಣೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಾರೆ. ಈ ಮನೆಯಲ್ಲಿ ಎರಡೂ ಕಾಲ ಅತ್ತೆಯದೇ ಎಂದು ಅವಳು ಒಮ್ಮೊಮ್ಮೆ ಗಂಡನೆದುರು ಗೊಣಗುತ್ತಿದ್ದಳು.

ಕೋಲೂರಿ ನಡೆಯುವಷ್ಟು ಚೇತರಿಸಿಕೊಂಡ ಮೇಲೆ, ಒಂದು ಬೆಳಗ್ಗೆ ಅತ್ತೆ ಹೇಳಿದರು:

"ಚಪ್ಪಲಿ ಕೊಡು. ಒಂದು ಕಾರು ಕರಿ."

"ಎಲ್ಲಿಗೆ ಅತ್ತೆ?"

"ನಿನಗೆ ಗೊತ್ತು."

ಇಬ್ಬರೂ ಹೋದರು. ಸವಾರಿ ಶಾಲೆ ದೊಡ್ಡದೇನಲ್ಲ. ಮರದ ಬೇಲಿ, ಮರಳು ಹಾಸಿದ ಒಂದು ಬಯಲು, ಒಂದು ಶೆಡ್ಡು. ಕಲಿಸುವ ಹುಡುಗಿ ಬೇಲಿಯ ಆಚೆ ಕೈ ತೋರಿಸಿದಳು. ಚುಕ್ಕಿ ಹುಲ್ಲಿನ ರಾಶಿಗೆ ಮುಖವಿಟ್ಟು ನಿಂತಿತ್ತು. ಅತ್ತೆ ಬೇಲಿಗೆ ಎದೆ ಆನಿಸಿ ನಾಲಿಗೆಯಲ್ಲಿ ಟಕ್ ಎಂದರು. ಚುಕ್ಕಿಯ ಒಂದು ಕಿವಿ ಇತ್ತ ಹೊರಳಿತು, ತಲೆ ಏಳಲಿಲ್ಲ. ಅತ್ತೆ ಮತ್ತೆ ಕರೆದರು. ಹೆಸರು ಹಿಡಿದು ಕರೆದರು. ಹುಲ್ಲು ಅಗಿಯುವ ಸದ್ದಷ್ಟೇ ಕೇಳುತ್ತಿತ್ತು.

"ಮೈ ಹೊಳೀತಿದೆ. ಲಾಳ ಹೊಸದು ಕಟ್ಟಿಸಿದ್ದಾರೆ," ಎಂದರು ಅತ್ತೆ, ಯಾರೋ ಕೇಳಿದ ಹಾಗೆ. ಆಮೇಲೆ ಸೊಸೆಯತ್ತ ತಿರುಗಿ, "ನೀನು ಕರಿ ನೋಡೋಣ" ಎಂದರು.

"ನಾನು ಯಾಕೆ ಅತ್ತೆ? ನನಗೆ ಆ ಥರ ಕರೆಯೋಕೆ ಬರಲ್ಲ."

"ಹೇಗೆ ಬರುತ್ತೋ ಹಾಗೆ ಕರಿ."

ಲಾಯಕ್ಕೆ ಹುರುಳಿಯ ಬಕೆಟ್ ಒಯ್ಯುವಾಗ ಬೈಯುತ್ತಿದ್ದ ಧಾಟಿಯಲ್ಲೇ ಅವಳು ಮೆಲ್ಲಗೆ ಅಂದಳು: "ಬಾರೇ ಮಾರಾಯ್ತಿ, ನನಗೆ ಬೇರೆ ಕೆಲಸ ಇದೆ."

ಚುಕ್ಕಿ ತಲೆಯೆತ್ತಿತು. ಹುಲ್ಲಿನ ಎಳೆಗಳು ಬಾಯಿಂದ ಜೋತಾಡುತ್ತಿದ್ದ ಹಾಗೆಯೇ ನಡೆದು ಬಂದು, ಅತ್ತೆಯನ್ನು ದಾಟಿ, ಸೊಸೆಯ ಹೆಗಲಿಗೆ ಮೂಗು ಒತ್ತಿ ನಿಂತಿತು. ಬಿಸಿ ಉಸಿರು ಕುತ್ತಿಗೆಗೆ ತಾಗಿ ಅವಳು ಹೆದರಿಕೆಗೆ ಕಣ್ಣು ಮುಚ್ಚಿದಳು. ಆಮೇಲೆ ಕೈಯೆತ್ತಿ ಅದರ ಗಲ್ಲ ಸವರಿದಳು. ಕಣ್ಣು ಬಿಟ್ಟಾಗ ಅತ್ತೆ ಅವಳನ್ನೇ ನೋಡುತ್ತಿದ್ದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಏನಿತ್ತೆಂದು ಅವಳಿಗೆ ಇವತ್ತಿಗೂ ಹೇಳಲು ಬಾರದು.

"ಹೋಗೋಣ," ಎಂದರು ಅತ್ತೆ.

ಮನೆಗೆ ಬಂದ ಅತ್ತೆ ಮಗನಿಗೆ, ಪಕ್ಕದ ಮನೆಯವರಿಗೆ, ನೋಡಲು ಬಂದ ದನದ ಡಾಕ್ಟರಿಗೆ ಒಂದೇ ಕಥೆ ಹೇಳಿದರು. ನಾಲಿಗೆಯಲ್ಲಿ ಟಕ್ ಅಂದದ್ದೇ ತಡ, ಚುಕ್ಕಿ ಬಯಲಿನ ಆ ತುದಿಯಿಂದ ಓಡಿ ಬಂದು ತನ್ನ ಹೆಗಲ ಮೇಲೆ ತಲೆಯಿಟ್ಟಿತು ಎಂದರು. ಸೊಸೆ ಅಲ್ಲೇ ಕೂತು ಗುಂಡಿ ಹಚ್ಚುತ್ತಿದ್ದಳು. ತಲೆಯೆತ್ತಲಿಲ್ಲ. ಆ ದಿನದ ನಂತರ ಅತ್ತೆ ಮತ್ತೆ ಸವಾರಿ ಶಾಲೆಗೆ ಹೋಗೋಣ ಎನ್ನಲಿಲ್ಲ. ಮತ್ತೆ ಹಾಸಿಗೆ ಹಿಡಿದು, ಎರಡು ವರ್ಷ ಮೆಲ್ಲಮೆಲ್ಲಗೆ ಇಳಿಯುತ್ತ ಹೋಗಿ, ಒಂದು ಮಧ್ಯಾಹ್ನ ಮೆಷಿನ್ನಿನ ಸದ್ದಿನಲ್ಲೇ ಹೋಗಿಬಿಟ್ಟರು. ಸೊಸೆ ಅಂಗಿಯ ಒಂದು ತೋಳು ಹೊಲಿದು ಮುಗಿಸಿ ತಿರುಗಿ ನೋಡುವಷ್ಟರಲ್ಲಿ ಎಲ್ಲ ಮುಗಿದಿತ್ತು.

"ಆ ಚುಕ್ಕಿ ಕಥೆ ನೀವೇ ಹೇಳ್ಬೇಕಮ್ಮ," ದನದ ಡಾಕ್ಟರು ಈಗ ಅವಳ ಕಡೆ ತಿರುಗಿದರು. "ಕಣ್ಣಾರೆ ಕಂಡವರು ನೀವೊಬ್ಬರೇ."

ಹಜಾರ ಅವಳತ್ತ ನೋಡಿತು. ಗಂಡ ನೋಡಿದ. ದೂರದ ಊರಿನಲ್ಲಿ ಟೀಚರಾಗಿದ್ದು, ಸುದ್ದಿ ತಿಳಿದು ಓಡಿಬಂದಿದ್ದ ನಾದಿನಿಯೂ ನೋಡಿದಳು. ಸೊಸೆ ಟ್ರೇಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿಕೊಂಡಳು.

"ಅತ್ತೆ ಟಕ್ ಅಂದ್ರು. ಅದು ಓಡಿ ಬಂತು. ಹೆಗಲ ಮೇಲೆ ತಲೆ ಇಟ್ಟಿತು," ಎಂದಳು. "ಯಾರಿಗಾದ್ರೂ ಇನ್ನೊಂದು ಲೋಟ ಚಹಾ ಬೇಕಾ?"

ಡಾಕ್ಟರು ಕಣ್ಣೊರೆಸಿಕೊಂಡರು. ಪ್ರಾಣಿಗಳಿಗಿರುವ ಋಣ ಮನುಷ್ಯರಿಗಿಲ್ಲ ಎಂದು ಯಾರೋ ಅಂದರು. ಅವಳು ಖಾಲಿ ಲೋಟಗಳನ್ನು ಒಟ್ಟು ಮಾಡಿಕೊಂಡು ಒಳಗೆ ಬಂದಳು.

ನಾದಿನಿ ಹಿಂದೆಯೇ ಬಂದು ಅಡುಗೆಮನೆಯ ಬಾಗಿಲು ಅರ್ಧ ಮುಚ್ಚಿದಳು.

"ಅತ್ತಿಗೆ, ಅಮ್ಮ ನನಗೆ ಬೇರೆ ಥರ ಹೇಳಿದ್ಲು."

ಲೋಟ ಉಜ್ಜುತ್ತಿದ್ದ ಕೈ ನಿಂತಿತು.

"ಹೋದ ರಜೆಗೆ ಬಂದಿದ್ದೆನಲ್ಲ, ನೀವು ಹೊಲಿದ ಬಟ್ಟೆ ಕೊಡೋಕೆ ಹೋಗಿದ್ರಿ. ಆವಾಗ ಹೇಳಿದ್ಲು. 'ಅದು ನನ್ನ ಹತ್ರ ಬರಲೇ ಇಲ್ಲ ಕಣೆ, ಅವಳ ಹತ್ರ ಹೋಯ್ತು. ಹೊಟ್ಟೆ ಉರೀತು. ಊರಿಗೆಲ್ಲ ಸುಳ್ಳು ಹೇಳ್ದೆ, ಅವಳು ಬಾಯಿ ಬಿಡ್ಲಿಲ್ಲ' ಅಂತ."

"ಮತ್ತೆ ಏನಂದ್ರು?"

"'ಅವಳ ಜಾಗದಲ್ಲಿ ನಾನಾಗಿದ್ರೆ ಬಾಯಿ ಬಿಡ್ತಿದ್ದೆ' ಅಂದ್ಲು."

ಸೊಸೆಗೆ ನಗು ಬಂತು. ನಾಲ್ಕು ದಿನದಲ್ಲಿ ಮೊದಲ ಸಲ ಹೊಟ್ಟೆಯಿಂದ ಬಂದ ನಗು.

"ಇವತ್ತಾದ್ರೂ ನಿಜ ಹೇಳಬಹುದಿತ್ತಲ್ಲ ಅತ್ತಿಗೆ."

"ಸುಸ್ತಾಗಿದೆ ಕಣೆ. ನಿಜ ಹೇಳೋಕೆ ಹೊರಟ್ರೆ ಮೊದಲಿಂದ ಹೇಳ್ಬೇಕು. ಸುಳ್ಳಾದ್ರೆ ಎರಡು ಮಾತಲ್ಲಿ ಮುಗಿಯುತ್ತೆ."

ನಾದಿನಿ ಒರೆಸುವ ಬಟ್ಟೆ ತೆಗೆದುಕೊಂಡು ಪಕ್ಕ ನಿಂತಳು. ಒಂದೆರಡು ಲೋಟ ಒರೆಸಿಟ್ಟ ಮೇಲೆ ಕೇಳಿದಳು:

"ವಾಪಸ್ ಬರೋವಾಗ ಅಮ್ಮ ಅತ್ಲಾ?"

"ಇಲ್ಲ. ಕಾರಲ್ಲಿ ಕೂತ ಮೇಲೆ ನನ್ನ ಕೈ ತಗೊಂಡ್ರು. ಚುಕ್ಕಿಯನ್ನ ಸವರಿದ ಕೈ. ಮೂಗಿಗೆ ಹಿಡ್ಕೊಂಡ್ರು. ಮನೆ ಬರೋವರೆಗೂ ಬಿಡ್ಲಿಲ್ಲ. ಇಳಿಯೋವಾಗ, 'ಇವತ್ತೊಂದಿನ ಕೈ ತೊಳೀಬೇಡ' ಅಂದ್ರು."

"ತೊಳೆದ್ರಾ?"

"ಅಡುಗೆ ಯಾರು ಮಾಡ್ತಾರೆ? ತೊಳೆದೆ."

ಅಷ್ಟು ಹೇಳಿ ಸೊಸೆ ಮತ್ತೆ ಲೋಟ ಉಜ್ಜಲು ಹೋದಳು. ಕೈಯಲ್ಲಿದ್ದ ಲೋಟ ಜಾರಿ ನೀರಿನೊಳಗೆ ಮುಳುಗಿತು. ಸಾಬೂನಿನ ಕೈಗಳನ್ನು ಹಾಗೇ ಇಳಿಬಿಟ್ಟು ಅವಳು ಅಳತೊಡಗಿದಳು. ಸದ್ದಿಲ್ಲದ, ಬಹಳ ಹೊತ್ತಿನ ಅಳು. ನಾದಿನಿ ಮಿಕ್ಕ ಲೋಟಗಳನ್ನು ತಾನೇ ತೊಳೆದಿಟ್ಟಳು. ಅಳು ತಾನಾಗಿ ತಗ್ಗಿದ ಮೇಲೆ ಅವಳ ಕೈ ಒರೆಸಿ, ತೋಳು ಹಿಡಿದು ಕೋಣೆಗೆ ಕರೆದುಕೊಂಡು ಹೋದಳು.

ಮಂಚ ಬರಿದಾಗಿತ್ತು. ಸೊಸೆಗೆ ಅದರ ಮೇಲೆ ಮಲಗಲು ಮನಸ್ಸಾಗಲಿಲ್ಲ. ಮೆಷಿನ್ನಿನ ಪಕ್ಕದ ನೆಲದ ಮೇಲೆ, ಕತ್ತರಿಸಿಟ್ಟ ಸಮವಸ್ತ್ರದ ತುಂಡುಗಳನ್ನು ಸರಿಸಿ, ಒಂದು ಹಳೆಯ ಹೊದಿಕೆ ಹಾಸಿಕೊಂಡು ಕಾಲು ಚಾಚಿದಳು. ಹೊರಗೆ ಮೆಟ್ಟಿಲ ಮೇಲೆ ಮತ್ತೆ ಹೆಜ್ಜೆ ಸದ್ದು. ಬಂದವರು ಅವಳೆಲ್ಲಿ ಎಂದು ಕೇಳಿದರು.

"ಅತ್ತಿಗೆ ಮಲಗಿದ್ದಾರೆ," ನಾದಿನಿಯ ದನಿ ಕೇಳಿಸಿತು. "ಚಹಾ ನಾನು ಮಾಡ್ತೀನಿ. ಚೆನ್ನಾಗಿರಲ್ಲ, ಸುಮ್ನೆ ಕುಡೀರಿ."

ಸಕ್ಕರೆಯ ಡಬ್ಬ ಮೇಲಿನ ಹಲಗೆಯ ಹಿಂದಿದೆ ಎಂದು ಕೂಗಿ ಹೇಳಬೇಕೆಂದುಕೊಂಡಳು. ಬಾಯಿ ತೆರೆಯುವಷ್ಟರಲ್ಲಿ ಅವಳಿಗೆ ನಿದ್ದೆ ಹತ್ತಿತ್ತು.