ಬೇರೆಯವರ ಅಂಕಿತ

"ಕುಲಸಚಿವರನ್ನೇ ಸಾಯಿಸಿಬಿಟ್ಟೆಯಲ್ಲೇ, ಮುಂಡೇದೆ."

ಪಿ.ಡಿ. ಸಾರ್ ಹಾಗೆ ಬೈಯುವಾಗ ನಾನು ಹಾಸ್ಟೆಲಿನ ಅಡುಗೆಮನೆಯ ಹಿಂದೆ, ತಳ ಹತ್ತಿದ ಹಂಡೆಯೊಳಕ್ಕೆ ಅರ್ಧ ಮೈ ಇಳಿಸಿ ಉಜ್ಜುತ್ತಿದ್ದೆ. ಬೈಗುಳ ಹಂಡೆಯೊಳಗೆ ಸುತ್ತಿ ಎರಡೆರಡು ಸಲ ಕೇಳಿಸಿತು. ತಲೆ ಹೊರಗೆ ತೆಗೆದೆ. ವಿಶ್ವವಿದ್ಯಾಲಯದ ಆಟೋಟವೆಲ್ಲ ಅವರ ಕೈಯಲ್ಲಿ. ಪಿ.ಡಿ. ಅಲ್ಲ, ಪೀಡೆ ಅಂತ ಅಡುಗೆಯವನು ಗ್ರೈಂಡರಿನ ಸದ್ದಿನ ಮರೆಯಲ್ಲಿ ಹೇಳುವುದುಂಟು.

ತಪ್ಪು ನನ್ನದೇ. ಹಿಂದಿನ ದಿನ ಫುಟ್‌ಬಾಲ್ ಪಂದ್ಯಕ್ಕೆ ಮೊದಲು ಸಂಘದ ಅಧಿಕಾರಿ ನಮ್ಮನ್ನು ಸಾಲಾಗಿ ನಿಲ್ಲಿಸಿ, ಕಾರ್ಡು ನೋಡಿ, ಒಬ್ಬೊಬ್ಬರನ್ನೇ ಕೂಗಿದ. ನನ್ನ ಕಾರ್ಡಿನಲ್ಲಿ ಮುಖವೊಂದೇ ನನ್ನದು. ಹೆಸರು, ಹುಟ್ಟಿದ ದಿನ, ತಂದೆಯ ಹೆಸರು ಎಲ್ಲ ಕುಲಸಚಿವರ ಮಗಳದ್ದು. ಅವಳ ಹೆಸರಿಗೆ ಸರಿಯಾಗಿ ಓಗೊಟ್ಟೆ. ತಂದೆಯ ಹೆಸರನ್ನೂ ಒಪ್ಪಿಸಿದೆ. ಏನು ಮಾಡಿಕೊಂಡಿದ್ದಾರೆ ಅಂತ ಅವನು ಸುಮ್ಮನೆ ಮಾತಿಗೆ ಕೇಳಿದ. "ತೀರ್ಕೊಂಡ್ರು ಸಾರ್" ಅಂದುಬಿಟ್ಟೆ. ಗಣ್ಯರ ಕುರ್ಚಿಯಲ್ಲಿ ಕುಲಸಚಿವರು ಕಾಲ ಮೇಲೆ ಕಾಲು ಹಾಕಿಕೊಂಡು ಸೋಡಾ ಕುಡಿಯುತ್ತಿದ್ದರು.

"ನಿಮ್ಮಪ್ಪ ಯಾರು?" ಪಿ.ಡಿ. ಸಾರ್ ಪಾಠ ಶುರುಮಾಡಿದರು.

"ಕುಲಸಚಿವರು."

"ಬದುಕಿದಾರಾ?"

"ಬದುಕಿದಾರೆ ಸಾರ್."

"ನಾರು ಕೆಳಗಿಟ್ಟು ಹೇಳು."

ನಾರು ಕೆಳಗಿಟ್ಟು, ಕೈಕಟ್ಟಿ ನಿಂತು ಹೇಳಿದೆ. ತಿಂಡಿಗೆ ಬಂದಿದ್ದ ತಂಡದ ಹುಡುಗಿಯರು ಕಿಟಕಿಯಲ್ಲಿ ನಿಂತು ನಕ್ಕರು. ಮೈದಾನದಲ್ಲಾದರೆ ಇವರೇ ಓಡಿಬಂದು ನನ್ನನ್ನು ತಬ್ಬಿಕೊಂಡು ಅವಳ ಹೆಸರು ಕೂಗುತ್ತಾರೆ. ಊಟದ ಮನೆಯಲ್ಲಿ ನನ್ನ ಕಡೆಗೆ ತಟ್ಟೆ ಮಾತ್ರ ತಳ್ಳುತ್ತಾರೆ.

ಕೇರಿಯಲ್ಲಿ ನನ್ನನ್ನು 'ಗೋಡೆ' ಅನ್ನುತ್ತಿದ್ದರು. ಕಾರ್ಖಾನೆ, ಮನೆಗೆಲಸ, ಕಸ ಗುಡಿಸುವುದು ಅಂತ ದುಡಿಯುವ ಹೆಂಗಸರು ಕಟ್ಟಿಕೊಂಡ ಕ್ಲಬ್ಬು ನಮ್ಮದು. ಹೊಲಿಗೆ ಅಕ್ಕ ನಾಯಕಿ. ಅಂಗಿಗಳನ್ನೂ ಉಳಿದ ತುಂಡುಬಟ್ಟೆಯಲ್ಲಿ ಅವಳೇ ಹೊಲಿಯುತ್ತಿದ್ದಳು, ಒಂದೊಂದು ತೋಳು ಒಂದೊಂದು ಬಣ್ಣ. ಅಲ್ಲಿ ನಾನು ಗೋಲು ಕಾಯುವುದನ್ನು ನೋಡಿದ ಪಿ.ಡಿ. ಸಾರ್ ಈ ಪಾತ್ರೆ ಕೆಲಸ ಕೊಡಿಸಿದರು. ಉಗ್ರಾಣದ ಪಕ್ಕದ ಕೋಣೆಯಲ್ಲಿ ಅವ್ವನನ್ನೂ ಇಟ್ಟುಕೊಳ್ಳಲು ಬಿಟ್ಟರು. ಒಂದು ಸೀಸನ್ನು ಕುಲಸಚಿವರ ಮಗಳಾಗಿ ಆಡು, ಆಮೇಲೆ ನಿನ್ನ ಹೆಸರಲ್ಲೇ ಕಾರ್ಡು ಮಾಡಿಸಿ ನಿಮ್ಮ ಕ್ಲಬ್ಬಿಗೇ ಕಳಿಸುತ್ತೇನೆ ಅಂದಿದ್ದರು. ಒಂದು ಮುಖಕ್ಕೆ ಒಂದೇ ಕಾರ್ಡು ಅನ್ನುವುದು ಸಂಘದ ನಿಯಮ. ಅವಳದು ರದ್ದಾಗದೆ ನನ್ನದು ಹುಟ್ಟುವಂತಿಲ್ಲ. ಇದು ಎರಡನೆಯ ಸೀಸನ್ನು.

ಒಂದು ಮಧ್ಯಾಹ್ನ ಕುಲಸಚಿವರ ಮಗಳೇ ಅಡುಗೆಮನೆಗೆ ಬಂದಳು. ಕೆಟ್ಟವಳಲ್ಲ. ಒದ್ದೆ ನೆಲದಲ್ಲಿ ತುದಿಗಾಲಲ್ಲಿ ನಿಂತು, "ಅಕ್ಕಾ, ಪೆನಾಲ್ಟಿ ಹಿಡಿಯೋವಾಗ ಭಯ ಆಗತ್ತಾ? ಪೇಪರಿನೋರು ಕೇಳಿದ್ರೆ ಏನಂತ ಹೇಳ್ಲಿ?" ಅಂದಳು.

ಕೈ ಒರೆಸಿಕೊಂಡು ಹೇಳಿಕೊಟ್ಟೆ. ಚೆಂಡು ನೋಡಬಾರದು, ಒದೆಯುವವಳ ಸೊಂಟ ನೋಡಬೇಕು. ಆ ಗಳಿಗೆಯಲ್ಲಿ ಎಲ್ಲ ಸದ್ದೂ ನಿಂತುಹೋಗುತ್ತದೆ, ಲೋಕದಲ್ಲಿ ನಾವೊಬ್ಬರೇ ಉಳಿದ ಹಾಗೆ. ಅವಳು ಮೊಬೈಲಿನಲ್ಲಿ ಬರೆದುಕೊಂಡಳು. ಎರಡು ದಿನಕ್ಕೆ ಆ ಮಾತು ಅವಳ ಹೆಸರಿನಲ್ಲಿ ಪತ್ರಿಕೆಗೆ ಬಂತು, ಹಾರಿ ಚೆಂಡು ಹಿಡಿಯುತ್ತಿರುವ ನನ್ನ ಚಿತ್ರದ ಕೆಳಗೆ.

ಅವ್ವನಿಗೆ ಓದು ಬಾರದು, ಕಣ್ಣೂ ಮಂಜು. ಆದರೆ ಕೇಳಿ ಕಲಿತ ತತ್ವಪದಗಳು ನೂರಾರು ನಾಲಿಗೆ ಮೇಲಿವೆ. ಪದದ ಕೊನೆಗೆ ಕಟ್ಟಿದವರ ಅಂಕಿತ ಬರುತ್ತದಲ್ಲ, ಅಲ್ಲಿ ಎಲ್ಲರೂ ದನಿ ಇಳಿಸಿದರೆ ಅವ್ವ ಏರಿಸುತ್ತಾಳೆ. ಪದ ಹೇಳುವವರೆಲ್ಲರದ್ದು, ಅಂಕಿತ ಮಾತ್ರ ಕಟ್ಟಿದವರದ್ದು, ಅದನ್ನು ನುಂಗಿದರೆ ಪಾಪ ಅನ್ನುತ್ತಾಳೆ. ಅಡುಗೆಯವನಿಂದ ಪತ್ರಿಕೆ ಓದಿಸಿ ಕೇಳಿದಳು. ಇನ್ನೊಂದು ಸಲ ಓದಿಸಿದಳು.

"ಮಾತು ನಿಂದು. ಅಂಕಿತ ಯಾರದ್ದೇ, ಕೂಸೇ?"

ನಾನು ಸೌದೆ ತರಬೇಕು ಅಂತ ಎದ್ದುಹೋದೆ. ಅಡುಗೆಮನೆಯಲ್ಲಿ ಸೌದೆ ಉರಿಸುವುದು ಬಿಟ್ಟು ವರ್ಷಗಳಾಗಿದ್ದವು. ಆ ಸಂಜೆ ಅವ್ವ ಪದ ಹೇಳಲಿಲ್ಲ.

ಮರುದಿನ ಪಿ.ಡಿ. ಸಾರ್ ಮುಂದೆ ನಿಂತು ನನ್ನ ಕಾರ್ಡಿನ ವಿಷಯ ಎತ್ತಿದೆ.

"ಅವಳ ಡಿಗ್ರಿ ಮುಗೀಲಿ."

"ಆಮೇಲೆ, ಸಾರ್?"

"ಆಮೇಲೆ ಎಂ.ಎ. ಮಾಡ್ತಾಳೆ."

"ಅದಾದ್ಮೇಲೆ?"

ಅವರು ನಕ್ಕರು. "ನಿನ್ನನ್ನ ಗೋಡೆ ಅಂತಾರಲ್ವೇನೇ? ಗೋಡೆಗೆ ಕಿವಿ ಇದ್ರೆ ಸಾಕು, ಬಾಯಿ ಯಾಕೆ? ಕೋಣೇಲಿ ಮುದುಕಿ ಬೆಚ್ಚಗಿದಾಳೆ ತಾನೇ. ಹೋಗು."

ರಾಷ್ಟ್ರಮಟ್ಟಕ್ಕೆ ಹೋಗುವ ಕೊನೆಯ ಪಂದ್ಯ ನಮ್ಮ ಕೇರಿಯ ಕ್ಲಬ್ಬಿನ ಮೇಲೇ ಬಿತ್ತು. ಗೆದ್ದ ತಂಡಕ್ಕಷ್ಟೇ ಮುಂದಿನ ದಾರಿ. ಎರಡು ಸಾಲಾಗಿ ಎದುರುಬದುರು ನಿಂತೆವು. ಹೊಲಿಗೆ ಅಕ್ಕ ನನ್ನ ನೇರಕ್ಕಿದ್ದಳು. ಅವರ ಗೋಲಿಗೆ ಹೊಸ ಹುಡುಗಿ. ಕೈಗವಸು ಮಾತ್ರ ನನ್ನವೇ, ಹೆಬ್ಬೆರಳ ಹತ್ತಿರ ಅಕ್ಕ ಹಾಕಿದ ಕೆಂಪು ಹೊಲಿಗೆ ಹಾಗೇ ಇತ್ತು. ಆ ಸಾಲಿನ ಹನ್ನೊಂದು ಜನಕ್ಕೂ ನನ್ನ ಹೆಸರು ಗೊತ್ತು. ಒಬ್ಬಳು ಬಾಯಿಬಿಟ್ಟಿದ್ದರೆ ಪಂದ್ಯ ಅವರದಾಗುತ್ತಿತ್ತು. ಯಾರೂ ನನ್ನ ಅನ್ನಕ್ಕೆ ಕಲ್ಲು ಹಾಕಲಿಲ್ಲ. ಅಕ್ಕ ನನ್ನನ್ನು ನೋಡಿ, ಗುರುತೇ ಇಲ್ಲದವಳಂತೆ ನೆಲ ನೋಡಿದಳು. ಉಗಿದಿದ್ದರೆ ತಡೆದುಕೊಳ್ಳಬಹುದಿತ್ತು.

ಅಧಿಕಾರಿ ಅವತ್ತಿನವನೇ. ಕುಲಸಚಿವರ ಮಗಳ ಹೆಸರು ಕೂಗಿದ. ನಾನು ಸುಮ್ಮನಿದ್ದೆ. ಮತ್ತೆ ಕೂಗಿದ. ಪಿ.ಡಿ. ಸಾರ್ ಕೆಮ್ಮಿದರು.

"ಅವಳು ಬಂದಿಲ್ಲ ಸಾರ್," ಅಂದೆ.

ಅವನು ಕಾರ್ಡು ನೋಡಿದ, ಮುಖ ನೋಡಿದ. "ಮತ್ತೆ ನೀನ್ಯಾರು?"

ನನ್ನ ಹೆಸರು ಹೇಳಿದೆ. ಅಪ್ಪನ ಹೆಸರು ಹೇಳಿದೆ. "ಅವತ್ತು ತೀರ್ಕೊಂಡ್ರು ಅಂದಿದ್ದು ಇವರನ್ನೇ ಸಾರ್."

ಅವನ ಪೆನ್ನು ಪಟ್ಟಿಯ ಮೇಲೆ ನಿಂತುಬಿಟ್ಟಿತು. ಪಿ.ಡಿ. ಸಾರ್ ಬಂದು ಕುತ್ತಿಗೆಪಟ್ಟಿ ಹಿಡಿದು, "ಬಿಚ್ಚೇ ಬೋಸುಡಿ, ವಿಶ್ವವಿದ್ಯಾಲಯದ ಅಂಗಿ ಅದು" ಅಂದರು. ಎರಡು ಸಾಲುಗಳ ನಡುವೆ ಬಿಚ್ಚಿಕೊಟ್ಟೆ. ಒಳಗಿದ್ದದ್ದು ಪಾತ್ರೆ ಉಜ್ಜುವಾಗ ತೊಡುವ ಮಸಿ ಅಂಗಿ. ಹೊಲಿಗೆ ಅಕ್ಕ ಸಾಲು ಬಿಟ್ಟು ಎರಡು ಹೆಜ್ಜೆ ಮುಂದೆ ಬಂದಳು. ಅಧಿಕಾರಿ ಗದರಿ ಅವಳನ್ನು ಹಿಂದಕ್ಕೆ ಕಳಿಸಿದ. ನಾನು ಆ ಸಾಲಿಗೂ ಸೇರುವಂತಿರಲಿಲ್ಲ. ನನ್ನ ಮುಖವಿದ್ದ ಕಾರ್ಡು ಅವನ ಜೇಬಿಗೆ ಹೋಗಿತ್ತು.

ಗೇಟು ದಾಟುವಾಗ ಬೆನ್ನ ಹಿಂದೆ ಸೀಟಿ ಕೇಳಿಸಿತು. ಆಟ ಶುರುವಾಯಿತೋ ನಿಂತಿತೋ, ತಿರುಗಿ ನೋಡಲಿಲ್ಲ.

ಹಾಸ್ಟೆಲಿಗೆ ಸುದ್ದಿ ನನಗಿಂತ ಮೊದಲೇ ಮುಟ್ಟಿತ್ತು. ಕೋಣೆಗೆ ಹೊಸ ಬೀಗ. ಅವ್ವ ಬಿಸಿಲಿನಲ್ಲಿ ಟ್ರಂಕಿನ ಮೇಲೆ ಕೂತಿದ್ದಳು, ಪಕ್ಕದಲ್ಲಿ ಸುತ್ತಿಟ್ಟ ಹಾಸಿಗೆ. ಹೆಜ್ಜೆ ಸದ್ದಿಗೇ ಗುರುತು ಹಿಡಿದಳು.

"ಏನಂದೆ ಅಲ್ಲಿ?"

"ನನ್ನ ಹೆಸರು ಹೇಳ್ದೆ ಅವ್ವ."

"ದನಿ ಇಳಿಸಿದ್ಯಾ?"

ಬರೆದುಕೊಳ್ಳುವವನಿಗೆ ಕೇಳುವಷ್ಟೇ ಹೇಳಿದ್ದೆ. "ಸ್ವಲ್ಪ," ಅಂದೆ.

ಅವ್ವ ಸರಿದು ಜಾಗ ಮಾಡಲಿಲ್ಲ. ಕಿವಿಯನ್ನು ನನ್ನ ಕಡೆಗೆ ತಿರುಗಿಸಿ ಕಾದಳು. ಹಾಸ್ಟೆಲಿನ ಹುಡುಗಿಯರೆಲ್ಲ ಮೈದಾನಕ್ಕೆ ಹೋಗಿದ್ದರು, ಕಿಟಕಿಗಳು ಮುಚ್ಚಿದ್ದವು. ಅಂಗಳದ ನಡುವೆ ನಿಂತು, ಅಪ್ಪ ಬೀದಿ ತುದಿಯಿಂದ ಕರೆಯುತ್ತಿದ್ದ ಹಾಗೆ, ನನ್ನ ಹೆಸರು ಕೂಗಿದೆ.

ಅದು ಎದುರಿನ ಗೋಡೆಗೆ ಬಡಿದು ವಾಪಸು ಬಂತು. ಓಗೊಡಲು ನಾನೊಬ್ಬಳೇ ಇದ್ದೆ.